‘ವೆಬ್‌ಕಿಟ್ 4.0 ಸಿಗಲಿಲ್ಲ’ ಎಂದು ಬಿಲ್ಡ್ ನಿಂತರೆ

ಪ್ರಶ್ನೆ: ಗಂಜ್‌ನ ಅಡತಿ ಅಂಗಡಿಗಳಿಗೆ ತೊಗರಿಯ ತೂಕ, ಬಿಲ್ ಬರೆದಿಡುವ ಆ್ಯಪ್ ಮಾಡುತ್ತಿದ್ದೇನೆ. ಎಚ್‌ಟಿಎಂಎಲ್ ಪುಟಗಳು ಸಿದ್ಧವಿವೆ. ಅವನ್ನು ಬ್ರೌಸರ್ ಇಲ್ಲದೆ ತೋರಿಸಲು ‘ವೆಬ್‌ವ್ಯೂ’ ಲೈಬ್ರರಿಯ ಹಳೆಯ ಸೋರ್ಸ್ (ಮೂಲ ಕೋಡ್) ಬಿಲ್ಡ್ ಮಾಡಿದರೆ, ಉಬುಂಟು 24.04ರಲ್ಲಿ ‘ವೆಬ್‌ಕಿಟ್2ಜಿಟಿಕೆ-4.0 ಇಲ್ಲ’ ಎಂದು ನಿಲ್ಲುತ್ತದೆ. ವೆಬ್‌ಕಿಟ್ಟನ್ನೇ ಕಂಪೈಲ್ ಮಾಡಬೇಕೆ? ರ್‍ಯಾಮ್ 4 ಜಿಬಿ ಇದೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಡ. ಅದಕ್ಕೆ 4 ಜಿಬಿ ಸಾಲುವುದೂ ಇಲ್ಲ. ವೆಬ್‌ವ್ಯೂ ಒಂದು ತೆಳು ಹೊದಿಕೆ ಅಷ್ಟೇ. ಪುಟ ಮೂಡಿಸುವ ಎಂಜಿನ್ ಲಿನಕ್ಸ್‌ನಲ್ಲಿ ವೆಬ್‌ಕಿಟ್‌ಜಿಟಿಕೆ, ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್‌ನಲ್ಲಿ ಆ್ಯಪಲ್‌ನ ವೆಬ್‌ಕಿಟ್. ಹೊದಿಕೆಯನ್ನಷ್ಟೇ ಕಂಪೈಲ್ ಮಾಡಲು ನಿಮ್ಮ ಲ್ಯಾಪ್‌ಟಾಪ್ ಧಾರಾಳ ಸಾಕು.

ಉಬುಂಟು 22.04ರಲ್ಲಿ ವೆಬ್‌ಕಿಟ್‌ಜಿಟಿಕೆಯ 4.0, 4.1 ಎರಡೂ ಇದ್ದವು, 24.04ರಲ್ಲಿ 4.0 ತೆಗೆದಿದ್ದಾರೆ. ಎರಡರಲ್ಲೂ ಎಂಜಿನ್ ಒಂದೇ, ನೆಟ್‌ವರ್ಕ್ ಕೆಲಸಕ್ಕೆ 4.0 ಲಿಬ್‌ಸೂಪ್ 2 ಬಳಸಿದರೆ 4.1 ಲಿಬ್‌ಸೂಪ್ 3 ಬಳಸುತ್ತದೆ. ಹಳೆಯ ಸೋರ್ಸ್ 4.0 ಎಂಬ ಹೆಸರನ್ನೇ ಹುಡುಕುತ್ತದೆ; ಹೊಸದು ಇರುವುದನ್ನು ತಾನೇ ಪತ್ತೆಹಚ್ಚುತ್ತದೆ. ಹಾಗಾಗಿ ಮೊದಲು ಗಿಟ್‌ನಿಂದ ಹೊಸ ಸೋರ್ಸ್ ಇಳಿಸಿಕೊಳ್ಳಿ.

ನಂತರ ಉಬುಂಟುವಿನ ಪ್ಯಾಕೇಜ್ ಹಾಕುವ ಕಮಾಂಡ್ ಆಪ್ಟ್ ಮೂಲಕ ಬಿಲ್ಡ್-ಎಸೆನ್ಷಿಯಲ್, ಸಿಮೇಕ್, ನಿಂಜಾ-ಬಿಲ್ಡ್, ಪಿಕೆಜಿ-ಕಾನ್ಫಿಗ್, ಲಿಬ್‌ಜಿಟಿಕೆ-3-ಡೆವ್, ಲಿಬ್‌ವೆಬ್‌ಕಿಟ್2ಜಿಟಿಕೆ-4.1-ಡೆವ್ ಹಾಕಿ. ‘ಡೆವ್’ ಅಲ್ಲದ ಪ್ಯಾಕೇಜ್ ಹಾಕಿದರೆ ಲೈಬ್ರರಿ ಬರುತ್ತದೆ, ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಲೈಬ್ರರಿ ಇದೆಯೇ, ಎಲ್ಲಿದೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್‌ಗೆ ವೆಬ್‌ಕಿಟ್2ಜಿಟಿಕೆ-4.1ರ ಆವೃತ್ತಿ ಕೇಳಿ. ಸಂಖ್ಯೆ ಬಂದರೆ ಸರಿಯಾಗಿದೆ. ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ, ನಿಂಜಾ ಜನರೇಟರ್, ರಿಲೀಸ್ ಮೋಡ್ ಕೊಟ್ಟು ಸಿಮೇಕ್ ಓಡಿಸಿ, ಆಮೇಲೆ ಬಿಲ್ಡ್ ಮಾಡಿ.

4.1ರ ಫೈಲಿಗೆ 4.0 ಹೆಸರಿನ ಲಿಂಕ್ ಕೊಟ್ಟು ನಂಬಿಸುವ ಉಪಾಯ ದಯವಿಟ್ಟು ಬೇಡ. ಬಿಲ್ಡ್ ಆಗಬಹುದು, ಆದರೆ ಲಿಬ್‌ಸೂಪ್ 2 ಬಳಸುವ ಇನ್ನೊಂದು ಲೈಬ್ರರಿ ಅದೇ ಆ್ಯಪ್‌ಗೆ ಸೇರಿದರೆ, ಒಂದೇ ಪ್ರಾಸೆಸ್‌ನಲ್ಲಿ ಎರಡು ಲಿಬ್‌ಸೂಪ್ ಕೂಡದೆಂದು ಆ್ಯಪ್ ನಿಂತುಬಿಡುತ್ತದೆ. 22.04ರ ರೆಪೊಸಿಟರಿಯನ್ನು 24.04ಕ್ಕೆ ಸೇರಿಸುವುದೂ ಬೇಡ. ಮುಂದೆ ಅಪ್‌ಗ್ರೇಡ್ ತೊಡಕಾಗುತ್ತದೆ.

ಬಿಲ್ಡ್ ಆದ ಮೇಲೆ ಕಿಟಕಿ ಬೆಳ್ಳಗೇ ಉಳಿದರೆ, ಅದರಲ್ಲೂ ಎನ್‌ವಿಡಿಯಾ ಕಾರ್ಡಿದ್ದರೆ, ವೆಬ್‌ಕಿಟ್‌ನ ಡಿಎಂಎ-ಬಫ್ ರೆಂಡರರ್ ಆಫ್ ಮಾಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ನೋಡಿ. ಕನ್ನಡದ ಜಾಗದಲ್ಲಿ ಚೌಕಗಳು ಕಂಡರೆ ತಪ್ಪು ಕೋಡ್‌ನದಲ್ಲ: ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ.

ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್ ತಾನೆ? ಲಿನಕ್ಸ್‌ನಲ್ಲಿ ಕಟ್ಟಿದ್ದು ಅಲ್ಲಿ ಓಡದು. ವಿಂಡೋಸ್‌ನಲ್ಲೇ ಇನ್ನೊಮ್ಮೆ ಬಿಲ್ಡ್ ಮಾಡಿ. ಮೊದಲ ಸಲ ಸಿಮೇಕ್ ವೆಬ್‌ವ್ಯೂ2ರ ಎಸ್‌ಡಿಕೆ (ಬಿಲ್ಡ್‌ಗೆ ಬೇಕಾದ ಫೈಲುಗಳು) ಇಳಿಸುವುದರಿಂದ ನೆಟ್ ಇರಬೇಕು. ಆ್ಯಪ್ ಓಡಲು ಬೇಕಾದ ವೆಬ್‌ವ್ಯೂ2 ರನ್‌ಟೈಮ್ ವಿಂಡೋಸ್ 11ರ ಜೊತೆಗೇ ಬಂದಿರುತ್ತದೆ. 10ರಲ್ಲಿ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನ ‘ಎವರ್‌ಗ್ರೀನ್ ಸ್ಟ್ಯಾಂಡ್‌ಅಲೋನ್’ ಇನ್‌ಸ್ಟಾಲರ್ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ರನ್‌ಟೈಮನ್ನು ನೆಟ್‌ನಿಂದ ಇಳಿಸುವ ‘ಬೂಟ್‌ಸ್ಟ್ರಾಪರ್’ ಒಯ್ದರೆ ಅಂಗಡಿಯಲ್ಲೂ ನೆಟ್ ಬೇಕಾಗುತ್ತದೆ. ವಿಂಡೋಸ್ 7ಕ್ಕೆ ರನ್‌ಟೈಮ್ 109ರ ಆಚೆ ಬರುವುದಿಲ್ಲ, ಭದ್ರತಾ ಅಪ್‌ಡೇಟ್ ಕೂಡ ಇಲ್ಲ. ಲೆಕ್ಕಪತ್ರ ಇಡುವ ಯಂತ್ರ ಅದಾಗಿದ್ದರೆ ಬದಲಿಸಲು ಅಂಗಡಿಯವರಿಗೆ ಮೊದಲೇ ತಿಳಿಸಿ.