ಕಟುವಾದ ರಾಜಕೀಯ ಮಾತು ಯಾವಾಗ ಹಿಂಸೆಗೆ ಪ್ರಚೋದನೆಯಾಗುತ್ತದೆ?

ಮಾತು ಎಷ್ಟು ಕಹಿ ಎಂಬುದು ಅಳತೆಗೋಲಲ್ಲ. ದ್ವೇಷದ ಪ್ರಚೋದನೆ ಕುರಿತ ವಿಶ್ವಸಂಸ್ಥೆಯ 2012ರ ರಬಾತ್ ಕ್ರಿಯಾಯೋಜನೆ ಆರು ಸಂಗತಿಗಳನ್ನು ನೋಡಲು ಹೇಳುತ್ತದೆ: ಸಂದರ್ಭ, ಮಾತಾಡಿದವರ ಸ್ಥಾನಮಾನ, ಉದ್ದೇಶ, ಮಾತಿನ ವಿಷಯ ಮತ್ತು ರೂಪ, ಹರಡಿದ ವ್ಯಾಪ್ತಿ, ಹಾನಿಯ ಸಂಭವ. ಅಪರಾಧವೆನ್ನಲು ಆರೂ ಇರಬೇಕು. ಸಂದರ್ಭವೇ ಮುಖ್ಯ ಅನ್ನಿಸುತ್ತದೆ. ಅದೇ ವಾಕ್ಯ ಲೇಖನದಲ್ಲಿ ಬರೀ ಅಭಿಪ್ರಾಯ, ದೊಣ್ಣೆ ಹಿಡಿದು ನಿಂತ ಗುಂಪಿನೆದುರು ಆಜ್ಞೆ.

ಅಮೆರಿಕದ ಸುಪ್ರೀಂ ಕೋರ್ಟಿನ ಬ್ರಾಂಡೆನ್‌ಬರ್ಗ್ ತೀರ್ಪು (1969) ಇನ್ನೂ ಬಿಗಿ: ಕೂಡಲೇ ಕಾನೂನುಬಾಹಿರ ಕೃತ್ಯ ನಡೆಸುವ ಉದ್ದೇಶವೂ ಇರಬೇಕು, ಅದು ನಡೆದುಬಿಡುವ ಸಂಭವವೂ ಇರಬೇಕು.

ಆಡಳಿತ ಎಡವುವುದು ಹೆಚ್ಚಾಗಿ ಬೇರೆ ಕಡೆ. ವಿರೋಧಿಗಳು ಗಲಭೆಯ ಬೆದರಿಕೆ ಹಾಕಿದರೆಂದು ಅಧಿಕಾರಿಗಳು ಭಾಷಣವನ್ನೇ ರದ್ದು ಮಾಡುತ್ತಾರೆ. ಆಗ ಕಲ್ಲು ಹಿಡಿದವನಿಗೇ ನಿಷೇಧಾಧಿಕಾರ ಕೊಟ್ಟಂತೆ. ಪೊಲೀಸರು ಮೊದಲು ತಡೆಯಬೇಕಾದ್ದು ಬೆದರಿಕೆ ಹಾಕಿದ ಆ ಗುಂಪನ್ನು.