ಹಳೆ ಕನ್ಸೋಲ್ ತಮ್ಮನಿಗೆ ಕೊಟ್ಟು, ಒಂದೇ ಗೇಮ್ ಲೈಬ್ರರಿಯನ್ನು ಇಬ್ಬರೂ ಬಳಸಬಹುದೇ?

"ಹೊಸ ಕನ್ಸೋಲ್‌ನಲ್ಲಿ ಹಳೆ ಗೇಮ್‌ಗಳೆಲ್ಲ ಓಡುತ್ತವಂತೆ. ಹಾಗಾದರೆ ಹಳೆಯದನ್ನು ನನ್ನ ಅಕೌಂಟ್ ಸಮೇತ ತಮ್ಮನಿಗೆ ಕೊಟ್ಟುಬಿಡಲಾ?" ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಯೋಚಿಸಿದ್ದೆ. ನಿಮ್ಮ ತಮ್ಮನ ಜಾಗದಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದ, ಅಷ್ಟೇ ವ್ಯತ್ಯಾಸ. ಇದಕ್ಕೆ ಯಾವ ಕನ್ಸೋಲ್ ಒಳ್ಳೆಯದು ಅಂತಲೂ ಕೇಳಿದ್ದೀರಿ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ "ಅಕೌಂಟ್ ಸಮೇತ" ಅನ್ನುವುದರ ಬಗ್ಗೆ ಹೇಳಲೇಬೇಕು.

ನನ್ನ ಹತ್ತಿರ ಊರು ಕಟ್ಟುವ ಒಂದು ಗೇಮ್ ಇತ್ತು. ಅಕ್ಕ ಕೆಲಸಕ್ಕೆಂದು ದೂರ ಹೋಗುವ ಮುಂಚೆ ಮೂರು ವರ್ಷ ಇಬ್ಬರೂ ಸೇರಿ ಆಡಿದ್ದು. ಎರಡು ಕಂಟ್ರೋಲರ್, ಒಂದೇ ಪ್ರೊಫೈಲ್ (ಆಡುವವರ ಹೆಸರಿನ ಖಾತೆ), ಒಂದೇ ಸೇವ್ (ಆಟ ಎಲ್ಲಿಯವರೆಗೆ ಬಂದಿದೆ ಅನ್ನುವ ದಾಖಲೆ). ಆ ಗೇಮ್‌ನಲ್ಲಿ ಒಂದು ಪ್ರೊಫೈಲ್‌ಗೆ ಒಂದೇ ಸೇವ್ ಸ್ಲಾಟ್, ಅದೂ ಆಟೋಸೇವ್, ಅಂದರೆ ಹೊಸದಾಗಿ ಆಡಿದ್ದು ತಾನಾಗಿಯೇ ಹಳೆಯದರ ಮೇಲೆ ಬರೆದುಕೊಳ್ಳುತ್ತದೆ. 212 ಗಂಟೆ ಆಗಿತ್ತು. ಕೆರೆಯ ಸುತ್ತ ಅಕ್ಕ ಒಂದು ಕಲ್ಲಿನ ದಾರಿ ಹಾಕಿದ್ದಳು, ಒಂದು ಕಡೆ ಸೊಟ್ಟಗೆ ತಿರುಗುತ್ತಿತ್ತು. ನೇರ ಮಾಡುತ್ತೇನೆ ಅಂದರೆ ಬಿಡುತ್ತಿರಲಿಲ್ಲ, "ಅಲ್ಲಿ ಮರ ಇದೆ ಕಣೋ, ಮರ ಕಡಿಯಬೇಡ" ಅನ್ನುತ್ತಿದ್ದಳು. ಅವಳು ಹೋದ ಮೇಲೂ ನಾನು ದಿನಾ ಅರ್ಧ ಗಂಟೆ ಆ ಊರಿನಲ್ಲಿ ಓಡಾಡುತ್ತಿದ್ದೆ.

ಹೊಸ ಕನ್ಸೋಲ್ ತಂದೆ. ಅಕೌಂಟ್ ಹಾಕಿದೆ, ಹಳೆ ಗೇಮ್ ಡೌನ್‌ಲೋಡ್ ಆಯಿತು, ಕ್ಲೌಡ್‌ನಿಂದ, ಅಂದರೆ ಕಂಪನಿಯ ಸರ್ವರ್‌ನಿಂದ, ಸೇವ್ ಬಂತು, ಊರು ಹಾಗೇ ತೆರೆದುಕೊಂಡಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ವಾರವೇ ಹಳೆ ಕನ್ಸೋಲನ್ನು ಆ ದೊಡ್ಡಪ್ಪನ ಮಗ ಅಣ್ಣನ ಮನೆಗೆ ತಲುಪಿಸಿದೆ. ಅವನ ಮಗನಿಗೆ ಆಗ ಏಳು ವರ್ಷ. ನನ್ನ ಗೇಮ್‌ಗಳನ್ನೆಲ್ಲ ಅವನೂ ಆಡಲಿ ಅಂತ ನನ್ನ ಪ್ರೊಫೈಲನ್ನು ತೆಗೆಯದೆ ಅದರಲ್ಲೇ ಬಿಟ್ಟೆ. "ಆನ್ ಮಾಡಿ, ನನ್ನ ಹೆಸರು ಒತ್ತಿ, ಆಡಿ" ಅಂತ ಹೇಳಿಕೊಟ್ಟು ಬಂದೆ.

ತಪ್ಪು ಆಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಲೈಬ್ರರಿ ಹಂಚಿಕೊಳ್ಳುವ ಹೆಚ್ಚಿನವರು ಇದನ್ನೇ ಮಾಡುತ್ತಾರೆ.

ಗೇಮ್ ಆಡುವ ಹಕ್ಕು ಬೇರೆ, ಆಡುವವನ ಗುರುತು ಬೇರೆ. ಹಕ್ಕನ್ನು ಒಂದು ಯಂತ್ರಕ್ಕೆ ಕಟ್ಟಿಡಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಅದಕ್ಕೆ "ಹೋಮ್ ಎಕ್ಸ್‌ಬಾಕ್ಸ್" ಅನ್ನುತ್ತಾರೆ, ಪ್ಲೇಸ್ಟೇಷನ್ 4 ಅಂದರೆ ಪಿಎಸ್4ರಲ್ಲಿ "ಪ್ರೈಮರಿ", ಪಿಎಸ್5ರಲ್ಲಿ "ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ". ಆ ಸೆಟ್ಟಿಂಗ್ ಹಾಕಿದ ಯಂತ್ರದಲ್ಲಿ ಯಾರು ಯಾವ ಪ್ರೊಫೈಲ್‌ನಿಂದ ಕೂತರೂ ನಿಮ್ಮ ಗೇಮ್ ಓಡುತ್ತದೆ. ಅಂದರೆ ಆ ಹುಡುಗ ನನ್ನ ಹೆಸರು ಒತ್ತಬೇಕಾದ ಅಗತ್ಯವೇ ಇರಲಿಲ್ಲ! ಅವನದೇ ಒಂದು ಪ್ರೊಫೈಲ್ ಮಾಡಿಕೊಟ್ಟಿದ್ದರೆ ಅದೇ ಗೇಮ್, ಅದೇ ಯಂತ್ರ, ಅವನದೇ ಸೇವ್ ಆಗುತ್ತಿತ್ತು. ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ನನ್ನ ಗುರುತನ್ನೇ ಅವನ ಕೈಗೆ ಕೊಟ್ಟೆ. ಅವನು ಆಡಿದ್ದೆಲ್ಲ ನಾನು ಆಡಿದ ಹಾಗೆ ದಾಖಲಾಗುತ್ತಿತ್ತು.

ಅದಾಗಿ ಮೂರು ವಾರಕ್ಕೆ ನಮ್ಮ ಮನೆಯ ಇಂಟರ್ನೆಟ್ ನಾಲ್ಕು ದಿನ ಹೋಯಿತು. ಮೊದಲ ದಿನ ಆಫ್‌ಲೈನ್‌ನಲ್ಲೇ ಊರು ತೆರೆದು ಸ್ವಲ್ಪ ಹೊತ್ತು ಆಡಿದೆ. ಅದು ಕ್ಲೌಡ್‌ಗೆ ಹೋಗಲಿಲ್ಲ. ಮೂರನೆಯ ದಿನ ರಾತ್ರಿ ಅಣ್ಣನ ಮಗ ಫೋನ್ ಮಾಡಿ, "ಚಿಕ್ಕಪ್ಪಾ, ನಾನೂ ಒಂದು ಮನೆ ಕಟ್ಟಿದೆ" ಅಂದ. "ಶಭಾಷ್" ಅಂದೆ. ಎಲ್ಲಿ ಕಟ್ಟಿದೆ ಅಂತ ಕೇಳಬೇಕು ಅಂತಲೂ ಹೊಳೆಯಲಿಲ್ಲ.

ಇಂಟರ್ನೆಟ್ ಬಂದ ದಿನ ಗೇಮ್ ಒತ್ತಿದೆ. ಪರದೆಯ ಮೇಲೆ ಎರಡು ಡಬ್ಬಿ ಬಂದವು. ಎರಡು ಸೇವ್‌ಗಳು ಹೊಂದುತ್ತಿಲ್ಲ, ಯಾವುದನ್ನು ಇಟ್ಟುಕೊಳ್ಳುತ್ತೀರಿ ಅನ್ನುವ ಪ್ರಶ್ನೆ. ಎಡಗಡೆ "ಈ ಕನ್ಸೋಲ್", ಮೂರು ದಿನ ಹಿಂದಿನ ತಾರೀಕು. ಬಲಗಡೆ "ಕ್ಲೌಡ್", ಹಿಂದಿನ ರಾತ್ರಿಯ ತಾರೀಕು. ತಾರೀಕಿನ ಕೆಳಗೆ ಸಣ್ಣ ಅಕ್ಷರದಲ್ಲಿ ಗಾತ್ರವೂ ಇತ್ತು. ಎಡಗಡೆಯದು ಬಲಗಡೆಯದರ ಐದಾರು ಪಟ್ಟು ದೊಡ್ಡದು. ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆವತ್ತು ನಾನು ನೋಡಿದ್ದು ತಾರೀಕು ಮಾತ್ರ. ಹೊಸ ತಾರೀಕಿನದೇ ಸರಿಯಾದದ್ದು ಅಂದುಕೊಂಡು ಬಲಗಡೆಯದನ್ನು ಒತ್ತಿದೆ.

ಗೇಮ್ ತೆರೆಯಿತು. ಖಾಲಿ ಬಯಲು, ಅದರ ನಡುವೆ ಬಾಗಿಲಿಲ್ಲದ ಒಂದು ಮನೆ, ಪಾತ್ರದ ತಲೆಯ ಮೇಲೆ ಆ ಹುಡುಗನ ಹೆಸರು.

ಅವನು ನನ್ನ ಪ್ರೊಫೈಲ್‌ನಲ್ಲಿ "ಹೊಸ ಆಟ" ಒತ್ತಿದ್ದ. ಆ ಕ್ಷಣಕ್ಕೇ ಹಳೆ ಯಂತ್ರದಲ್ಲಿದ್ದ ಊರು ಅಳಿಸಿತ್ತು. ಗೇಮ್ ಮುಚ್ಚಿದಾಗ ಅದೇ ಕ್ಲೌಡ್‌ಗೂ ಹೋಗಿತ್ತು. ಇಡೀ ಊರು ಉಳಿದಿದ್ದ ಒಂದೇ ಜಾಗ ನನ್ನ ಎದುರಿನ ಕನ್ಸೋಲ್, ಅದನ್ನು ನಾನೇ ಕೈಯಾರೆ ಅಳಿಸಿದೆ. ಬೇರೆ ಎಲ್ಲೂ ಕಾಪಿ ಇರಲಿಲ್ಲ. ಹುಡುಗನದು ಏನೂ ತಪ್ಪಿಲ್ಲ, ಅವನಿಗೆ ನಾನು ಹೇಳಿದ್ದೇ "ನನ್ನ ಹೆಸರು ಒತ್ತಿ ಆಡು" ಅಂತ. ಅಕ್ಕನಿಗೆ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ಅವಳು ಮೊದಲು ಕೇಳಿದ್ದು, "ಆ ಮರ ಇತ್ತಲ್ಲ, ಅದೂ ಹೋಯ್ತಾ?"

ಅದಕ್ಕೇ ನಿಮಗೆ ಹೇಳುವುದು, "ಹಳೆ ಗೇಮ್ ಹೊಸದರಲ್ಲಿ ಓಡುತ್ತಾ" ಅನ್ನುವುದು ನೀವು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅಂದರೆ ಗೇಮ್ ಓಡುತ್ತದೆ ಅಂತ ಅಷ್ಟೇ. ನೀವು ಆಡಿದ ಆಟ ಅದರ ಜೊತೆ ಬರುತ್ತದೆಯೇ ಅನ್ನುವುದು ಬೇರೆಯದೇ ಲೆಕ್ಕ, ಒಂದೊಂದು ಕಂಪನಿಯದು ಒಂದೊಂದು ರೀತಿ. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಎಕ್ಸ್‌ಬಾಕ್ಸ್ 360ರಲ್ಲಿ ಆಡಿದ್ದು ಹೊಸದಕ್ಕೆ ಬರಬೇಕಾದರೆ ಮೊದಲು ಆ 360ರಲ್ಲೇ ಕೂತು ಕ್ಲೌಡ್‌ಗೆ ಹಾಕಿರಬೇಕು. ಪ್ಲೇಸ್ಟೇಷನ್‌ನಲ್ಲಿ ಕ್ಲೌಡ್‌ಗೆ ಪ್ಲೇಸ್ಟೇಷನ್ ಪ್ಲಸ್ ಅನ್ನುವ ಚಂದಾ ಬೇಕು. ಪಿಎಸ್4ರ ಸೇವ್‌ಗಳನ್ನು ಯುಎಸ್‌ಬಿಗೆ ಕಾಪಿ ಮಾಡಬಹುದು, ಪಿಎಸ್5ರ ಗೇಮ್‌ಗಳ ಸೇವ್‌ಗೆ ಆ ದಾರಿ ಇಲ್ಲ. ನಿಂಟೆಂಡೊ ಸ್ವಿಚ್‌ನಲ್ಲೂ ಕ್ಲೌಡ್‌ಗೆ ಚಂದಾ ಬೇಕು, ಚಂದಾ ಇದ್ದರೂ ಕೆಲವು ಗೇಮ್‌ಗಳಿಗೆ ಆ ಸೌಲಭ್ಯವೇ ಇಲ್ಲ.

ಇನ್ನು ಓಡುವ ವಿಷಯ. ಇದರಲ್ಲೂ ನೀವು ಸ್ವಲ್ಪ ಜಾಸ್ತಿಯೇ ನಂಬಿಕೆ ಇಟ್ಟಿದ್ದೀರಿ ಅನ್ನಿಸುತ್ತದೆ. 2006ರಲ್ಲಿ ಬಂದ ಮೊದಲ ಪಿಎಸ್3ಗಳ ಒಳಗೆ ಪಿಎಸ್2ರ ಚಿಪ್‌ಗಳನ್ನೇ ಕೂರಿಸಿದ್ದರು, ಹಳೆ ಡಿಸ್ಕ್ ಹಾಕಿದರೆ ಓಡುತ್ತಿತ್ತು. 2007ರಲ್ಲೇ ಒಂದೊಂದಾಗಿ ಆ ಚಿಪ್‌ಗಳನ್ನು ತೆಗೆದರು, 40 ಜಿಬಿ ಮಾಡೆಲ್ ಬರುವಷ್ಟರಲ್ಲಿ ಪಿಎಸ್2 ಡಿಸ್ಕ್ ಓಡುವುದೇ ನಿಂತಿತು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಅದೇ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ನಲ್ಲಿ ಅದಕ್ಕೂ ಹಳೆಯ ಗೇಮ್‌ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗೆ ಬೇರೆಯೇ ಕಿಂಡಿ ಇತ್ತು, ಅದರ ಮುಂದಿನ ಮಾಡೆಲ್ ಡಿಎಸ್ಐ ಬಂದಾಗ ಆ ಕಿಂಡಿಯೇ ಮಾಯ. ಪಿಎಸ್3ರ ಸೆಲ್ ಪ್ರೊಸೆಸರ್ ರಚನೆಯೇ ಬೇರೆ, ಹಾಗಾಗಿ ಅದರ ಡಿಸ್ಕ್ ಪಿಎಸ್4ರಲ್ಲೂ ಓಡುವುದಿಲ್ಲ, ಪಿಎಸ್5ರಲ್ಲೂ ಓಡುವುದಿಲ್ಲ. ಪಿಎಸ್4ರ ಗೇಮ್‌ಗಳು ಪಿಎಸ್5ರಲ್ಲಿ ಸುಮಾರು ಎಲ್ಲವೂ ಓಡುತ್ತವೆ, ನಿಜ. ಆದರೆ ಕಪಾಟಿನಲ್ಲಿ ಡಿಸ್ಕ್ ಇಟ್ಟುಕೊಂಡು ಡಿಸ್ಕ್ ಡ್ರೈವ್ ಇಲ್ಲದ ಮಾಡೆಲ್ ತಂದರೆ, ಅದಕ್ಕೆ ಡ್ರೈವ್ ಜೋಡಿಸದ ಹೊರತು ಆ ಡಿಸ್ಕ್‌ಗಳಿಂದ ಏನೂ ಉಪಯೋಗವಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ 360ರ ಡಿಸ್ಕ್ ಹಾಕಿದರೆ ಗೇಮ್ ಓಡುವುದು ಡಿಸ್ಕ್‌ನಿಂದಲ್ಲ, ಇಂಟರ್ನೆಟ್‌ನಿಂದ ಪೂರ್ತಿ ಇಳಿಸಿಕೊಳ್ಳುತ್ತದೆ, ಡಿಸ್ಕ್ ಬರೀ ಬೀಗದ ಕೈ. ಅದೂ ಪಟ್ಟಿಯಲ್ಲಿರುವ ಗೇಮ್ ಆದರೆ ಮಾತ್ರ. ಆ ಪಟ್ಟಿಗೆ ಕೊನೆಯ ಸೇರ್ಪಡೆ ಆಗಿದ್ದು 2021ರ ನವೆಂಬರ್‌ನಲ್ಲಿ.

ಹಾಗಾಗಿ ನಿಮ್ಮ ಹತ್ತಿರ ಇರುವುದು ಈಗಿನದಕ್ಕಿಂತ ಎರಡು ತಲೆಮಾರು ಹಳೆಯದಾದರೆ, ತಮ್ಮನಿಗೂ ಕೊಡಬೇಡಿ, ಯಾರಿಗೂ ಕೊಡಬೇಡಿ ಅನ್ನುತ್ತೇನೆ. ನಿಂಟೆಂಡೊದ ಹಳೆ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯುಗಳ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲಿ ನಿಂತಿತು, 360ರದ್ದು 2024ರ ಜುಲೈ 29ಕ್ಕೆ. ಕೆಲವು ಗೇಮ್‌ಗಳಿಗೆ ಆ ಯಂತ್ರ ಬಿಟ್ಟರೆ ಬೇರೆ ಗತಿ ಇಲ್ಲ.

ಒಂದೇ ತಲೆಮಾರು ಹಿಂದಿನದಾದರೆ ಕೊಡಿ, ಹಂಚಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಯಾವ ಕನ್ಸೋಲ್ ಅಂತ ಕೇಳಿದ್ದಿರಿ. ಪಿಎಸ್4 ಕೊಟ್ಟು ಪಿಎಸ್5 ಇಟ್ಟುಕೊಳ್ಳುವುದು ಸುಲಭ, ಯಾಕೆಂದರೆ ಪಿಎಸ್4ಕ್ಕೆ ಒಂದು ಪ್ರೈಮರಿ, ಪಿಎಸ್5ಕ್ಕೆ ಒಂದು ಶೇರಿಂಗ್, ಎರಡೂ ಬೇರೆ ಬೇರೆ ಲೆಕ್ಕ. ಎಕ್ಸ್‌ಬಾಕ್ಸ್‌ನಲ್ಲಿ ಒಂದು ಅಕೌಂಟ್‌ಗೆ ಒಂದೇ ಹೋಮ್. ಅದನ್ನು ತಮ್ಮನ ಯಂತ್ರಕ್ಕೆ ಕೊಟ್ಟರೆ ನಿಮ್ಮದರಲ್ಲಿ ಇಂಟರ್ನೆಟ್ ಇಲ್ಲದ ದಿನ ಡಿಜಿಟಲ್ ಗೇಮ್‌ಗಳು ತೆರೆಯುವುದಿಲ್ಲ. ಹೋಮ್ ಬದಲಾಯಿಸಲು ವರ್ಷಕ್ಕೆ ಐದೇ ಸಲ ಅವಕಾಶ, ಮನಸ್ಸು ಬಂದಾಗಲೆಲ್ಲ ಆಚೆ ಈಚೆ ಮಾಡಲಾಗುವುದಿಲ್ಲ. ಸ್ವಿಚ್‌ನಲ್ಲಿ 2025ರಿಂದ ವರ್ಚುವಲ್ ಗೇಮ್ ಕಾರ್ಡ್ ಇದೆ, ಫ್ಯಾಮಿಲಿ ಗುಂಪಿನವರಿಗೆ ಒಂದು ಗೇಮನ್ನು 14 ದಿನಕ್ಕೆ ಎರವಲು ಕೊಡಬಹುದು. ನನಗೆ ಇದೇ ಹೆಚ್ಚು ಇಷ್ಟ. ಕೊಟ್ಟಷ್ಟು ದಿನ ಆ ಗೇಮ್ ನಿಮ್ಮಲ್ಲಿ ಓಡುವುದಿಲ್ಲ, ಪುಸ್ತಕ ಕೊಟ್ಟ ಹಾಗೆ. ಆದರೆ ಅವರು ಅವರ ಹೆಸರಿನಲ್ಲೇ ಆಡುತ್ತಾರೆ, ಯಾರ ಗುರುತೂ ಯಾರ ಕೈಗೂ ಹೋಗುವುದಿಲ್ಲ.

ಪಾಸ್‌ವರ್ಡ್ ಮಾತ್ರ ಕೊಡಬೇಡಿ. ತಮ್ಮನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅಣ್ಣನ ಮೇಲೆ ನನಗೆ ಈಗಲೂ ಪೂರ್ತಿ ನಂಬಿಕೆ ಇದೆ, ಅವನ ಮಗನ ಮೇಲೂ. ನೀವೇ ಹೋಗಿ ಒಂದು ಸಲ ಲಾಗಿನ್ ಮಾಡಿ, ಆ ಯಂತ್ರವನ್ನು ಹೋಮ್ ಅಥವಾ ಪ್ರೈಮರಿ ಮಾಡಿ, ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ. ಆಮೇಲೆ ಅವನ ಪಕ್ಕ ಕೂತು ಅವನದೇ ಪ್ರೊಫೈಲ್ ಮಾಡಿಸಿ, ಅದರಿಂದ ಒಂದು ಗೇಮ್ ತೆರೆದು ನೋಡಿ. ಓಡಿದರೆ ನಿಮ್ಮ ಕೆಲಸ ಮುಗಿಯಿತು.

ಯಾವತ್ತಾದರೂ ಆ ಎರಡು ಡಬ್ಬಿಯ ಪ್ರಶ್ನೆ ಬಂದರೆ ಏನನ್ನೂ ಒತ್ತಬೇಡಿ. ರದ್ದು ಮಾಡಿ ಹೊರಗೆ ಬನ್ನಿ, ಗಾತ್ರ ನೋಡಿ, ಕೊನೆಯ ಸಲ ಯಾರು ಎಲ್ಲಿ ಆಡಿದರು ಅಂತ ಫೋನ್ ಮಾಡಿ ಕೇಳಿ. ಯಂತ್ರ ಕೊಡುವುದು ಈ ವಾರವೇ ಆದರೆ, ಇವತ್ತು ರಾತ್ರಿಯೇ ಹಳೆಯದನ್ನು ಆನ್ ಮಾಡಿ, ನಿಮಗೆ ಬೇಕಾದ ಸೇವ್‌ಗಳನ್ನು ಒಂದೊಂದಾಗಿ ಹೊಸದರಲ್ಲಿ ತೆರೆದು ನೋಡುವವರೆಗೂ ಅದನ್ನು ಮನೆಯಿಂದ ಹೊರಗೆ ಕಳಿಸಬೇಡಿ.