ಮಂಗಳೂರಿನ ಬಂದರಿನಲ್ಲಿ ಸಮುದ್ರ ಯಾಕೆ ಕಾಣುವುದಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಬೇಡಿ. ಹುಬ್ಬಳ್ಳಿ ಕಡೆಯಿಂದ ಬಂದಿರಿ, ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಿರಿ. ‘ಬಂದರ್’ ಅಂತ ಕೇಳಿಕೊಂಡು ಸಮುದ್ರ ನೋಡಲು ಇಳಿಜಾರಿನಲ್ಲಿ ನಡೆದಿರಿ. ಸಿಕ್ಕಿದ್ದು ಮೆಣಸಿನ ಘಾಟು, ಲಾರಿಗಳ ಸಾಲು, ಕೊನೆಗೆ ಒಂದು ಹೊಳೆ. ಹೊಳೆಯ ಆಚೆ ತೆಂಗಿನ ಮರ. ‘ಇದು ಬಂದರೋ, ನನಗೇ ದಾರಿ ತಪ್ಪಿತೋ?’ ಅಂತ ಕೇಳಿದ್ದೀರಿ.

ದಾರಿ ತಪ್ಪಿಲ್ಲ. ಅದೇ ಬಂದರು. ನಾನು ಹುಟ್ಟಿ ಬೆಳೆದದ್ದು ಅದರ ಪಕ್ಕದ ಹೊಯ್ಗೆ ಬಜಾರಿನಲ್ಲಿ. ಅಪ್ಪ ಬಂದರಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಹೊಳೆಯ ವಿಷಯ. ನೀವು ನೋಡಿದ್ದು ಗುರುಪುರ ಹೊಳೆ. ಫಲ್ಗುಣಿ ಅಂತಲೂ ಕರೆಯುತ್ತಾರೆ. ಘಟ್ಟದಿಂದ ಇಳಿದು ಬಂದು ಕೂಳೂರು ದಾಟಿದ ಮೇಲೆ ಅದು ಸಮುದ್ರದ ಹತ್ತಿರವೇ ಇರುತ್ತದೆ, ಆದರೆ ಸೇರುವುದಿಲ್ಲ. ನಡುವೆ ಒಂದು ಉದ್ದನೆಯ ಮರಳಿನ ಪಟ್ಟಿ ಅಡ್ಡ ಇದೆ. ಹೊಳೆ ತೆಂಕಕ್ಕೆ ತಿರುಗಿ, ಆ ಪಟ್ಟಿಯ ಬೆನ್ನಿಗೇ ಅಂಟಿಕೊಂಡು ಬೋಳೂರು, ಕುದ್ರೋಳಿ, ಬಂದರು ದಾಟಿ ಹೋಗುತ್ತದೆ. ಆ ಕಡೆ ಪೂರ್ವದಿಂದ ನೇತ್ರಾವತಿ ಬರುತ್ತಾಳೆ. ಎರಡೂ ಕೂಡಿ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಸೇರುತ್ತವೆ. ತುಳುವಿನಲ್ಲಿ ಮಂಗಳೂರಿಗೆ ‘ಕುಡ್ಲ’ ಅನ್ನುವುದು ಈ ಕೂಡುವಿಕೆಯಿಂದಲೇ ಅಂತ ನಮ್ಮೂರಿನವರ ವಿವರಣೆ. ಬ್ಯಾರಿ ಮುಸ್ಲಿಮರು ಮೈಕಾಲ ಅನ್ನುತ್ತಾರೆ, ಕೊಂಕಣಿಯವರು ಕೊಡಿಯಾಳ್ ಅನ್ನುತ್ತಾರೆ. ಬಂದರಿನ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಈ ಮೂರೂ ಹೆಸರು ಕಿವಿಗೆ ಬೀಳುತ್ತವೆ.

ನೀವು ಕಂಡ ತೆಂಗಿನ ಮರಗಳು ಆ ಮರಳ ಪಟ್ಟಿಯ ಮೇಲಿನವು. ಅದೇ ಬೆಂಗ್ರೆ. ಸಮುದ್ರ ಅದರ ಹಿಂದೆ ಇದೆ.

ಹಳೇ ಕಾಲದ ನಾವಿಕನಿಗೆ ಬೇಕಾದದ್ದೇ ಇದು, ಅಲ್ವಾ? ತೆರೆದ ಕಡಲಿನಲ್ಲಿ ಹಡಗು ಕಟ್ಟುವುದು ಕಷ್ಟ. ಅಳಿವೆ ದಾಟಿ ಹೊಳೆಯೊಳಗೆ ಬಂದರೆ ಬೆಂಗ್ರೆಯೇ ಗೋಡೆಯಾಗಿ ನಿಂತು ಅಲೆ ತಡೆಯುತ್ತದೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಬರೆದದ್ದೂ ಮೊದಲು ಈ ಅಳಿವೆಯ ಬಗ್ಗೆಯೇ. ಈ ಕರಾವಳಿಯಲ್ಲೇ ದೊಡ್ಡದು ಅಂದ. ಪರ್ಷಿಯಾ, ಯೆಮೆನ್ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಹೇರಳ ಅಂತಲೂ ಬರೆದಿದ್ದಾನೆ.

ಅವನಿಗೂ ಇನ್ನೂರು ವರ್ಷ ಮೊದಲಿನ ಒಬ್ಬರ ಕತೆ ನನಗೆ ಇನ್ನೂ ಇಷ್ಟ. ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರವರೆಗೂ ಈ ಕರಾವಳಿಯಲ್ಲೇ ವ್ಯಾಪಾರ ಮಾಡಿದ, ಅಶು ಎಂಬ ಇಲ್ಲಿನ ಹೆಂಗಸನ್ನು ಮದುವೆಯಾದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ ಉಳಿದು ಬಂದವು. ಅದರಲ್ಲಿ ಅವನ ಆಳು ಬೊಮ್ಮನ ಹೆಸರು ಬರುತ್ತದೆ. ಬೊಮ್ಮ ಧಣಿಯ ಕೆಲಸಕ್ಕೆ ಯೆಮೆನ್‌ನ ಏಡನ್ ಬಂದರಿಗೆ ಹೋಗಿದ್ದಾನೆ. ಅಲ್ಲಿ ಕುಡಿದು ರಂಪ ಮಾಡಿ, ಜಾಸ್ತಿ ದುಡ್ಡು ಕೇಳಿದ್ದಾನೆ ಅಂತ ಅಲ್ಲಿನ ವ್ಯಾಪಾರಿ ಇಲ್ಲಿಗೆ ಕಾಗದ ಹಾಕಿದ್ದಾನೆ! ಒಂಬೈನೂರು ವರ್ಷ ಹಿಂದೆ. ರಾಜರ ಶಾಸನ ಓದಿದರೆ ನನಗೆ ನಿದ್ದೆ ಬರುತ್ತದೆ. ಬೊಮ್ಮ ಮಾತ್ರ ನಮ್ಮ ಕೇರಿಯವನೇ ಅನಿಸುತ್ತಾನೆ.

ಗುಡಿ, ಮಸೀದಿ, ಇಗರ್ಜಿಗಳ (ಚರ್ಚುಗಳ) ಬಗ್ಗೆಯೂ ಕೇಳಿದ್ದೀರಿ. ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ಏಳನೇ ಶತಮಾನದ್ದು ಅಂತ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಟಿಪ್ಪು ಕಾಲದಲ್ಲಿ ಅದರ ಜೀರ್ಣೋದ್ಧಾರ ಆಯಿತು. ಒಳಗಿನ ಮರದ ಕಂಬಗಳ ಕೆತ್ತನೆ ನೋಡಲೇಬೇಕು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ರೊಸಾರಿಯೊ ಇಗರ್ಜಿ. ಪೋರ್ಚುಗೀಸರು 1568ರಲ್ಲಿ ಅದಕ್ಕೆ ಬುನಾದಿ ಹಾಕಿದವರು. ಇನ್ನು ಮೇಲೆ ಹತ್ತಿದರೆ ರಥಬೀದಿ, ವೆಂಕಟರಮಣ ದೇವಸ್ಥಾನ. ಅರ್ಧ ದಿನದಲ್ಲಿ ಎಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ಹೊಳೆಯೇ ಬಾಗಿಲು ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಅದೇ ವರ್ಷ ಮಾರ್ಚ್ 11ಕ್ಕೆ ಅವನಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದ ಆದದ್ದು. ಹೋದವರೆಲ್ಲ ‘ಇಷ್ಟೇಯಾ?’ ಅನ್ನುತ್ತಾರೆ, ಅಷ್ಟು ಚಿಕ್ಕದು. ಆದರೆ ಗೋಡೆಯ ಕಿಂಡಿಯಲ್ಲಿ ಒಮ್ಮೆ ಕಣ್ಣಿಟ್ಟು ನೋಡಿ. ಕೆಳಗೇ ಗುರುಪುರ ಹೊಳೆ. ಶತ್ರುವಿನ ಹಡಗು ಹೊಳೆಯೊಳಗೆ ನುಗ್ಗೀತು ಅನ್ನುವುದೇ ಇದನ್ನು ಕಟ್ಟಿಸಿದವನ ಭಯ.

ಈಗ ನಮ್ಮ ಹೊಯ್ಗೆ ಬಜಾರಿಗೆ ಬರುತ್ತೇನೆ. ಹೊಯ್ಗೆ ಅಂದರೆ ಮರಳು. ಇಲ್ಲಿಂದ ಬೋಳಾರ, ಜೆಪ್ಪುವಿನವರೆಗೆ ಒಂದು ಕಾಲದಲ್ಲಿ ಹಂಚಿನ ಕಾರ್ಖಾನೆಗಳ ಚಿಮಣಿಗಳೇ. ಮೊದಲನೆಯದನ್ನು 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದರು, ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿಯ ಕೈಯಲ್ಲಿ. ಆಮೇಲೆ ಊರಿನವರೂ ಹಾಕಿದರು. ಎಲ್ಲ ಹೊಳೆ ಬದಿಯಲ್ಲೇ ಯಾಕೆ? ಆವೆ ಮಣ್ಣು ಓಡದಲ್ಲಿ, ಅಂದರೆ ದೋಣಿಯಲ್ಲಿ ಬರಬೇಕು, ಒಲೆಗೆ ಕಟ್ಟಿಗೆ ಓಡದಲ್ಲಿ ಬರಬೇಕು, ಸುಟ್ಟ ಹಂಚು ಓಡದಲ್ಲೇ ಬಂದರಿಗೆ ಹೋಗಬೇಕು. ಎತ್ತಿನ ಗಾಡಿಯಲ್ಲಿ ಹಂಚು ಸಾಗಿಸಿದರೆ ಅರ್ಧ ಒಡೆದೇ ಹೋಗುತ್ತಿತ್ತೇನೋ.

ನಮ್ಮ ಹಳೇ ಮನೆಯ ಮಾಡು ಬಿಚ್ಚಿದಾಗ ನಾನೇ ಹಂಚು ಇಳಿಸಿದ್ದೆ. ಒಂದೊಂದನ್ನೂ ಮಗುಚಿದರೆ ಹಿಂದೆ ಕಾರ್ಖಾನೆಯ ಹೆಸರು, ಊರು, ಇಸವಿ ಉಬ್ಬಕ್ಷರದಲ್ಲಿ. ಒಂದರ ಮೂಲೆಯಲ್ಲಿ ನಾಯಿಯ ಕಾಲಿನ ಅಚ್ಚು ಇತ್ತು. ಹಸಿ ಹಂಚು ಒಣಗಲು ಇಟ್ಟಾಗ ಮೆಟ್ಟಿಕೊಂಡು ಹೋಗಿರಬೇಕು. ಅದನ್ನು ಮಾತ್ರ ಮಾರಲಿಲ್ಲ. ಈಗ ಕಾರ್ಖಾನೆಗಳು ಹೆಚ್ಚಿನವು ಮುಚ್ಚಿವೆ. ಕಾಂಕ್ರೀಟ್ ಮಾಡು ಬಂತು, ಮಣ್ಣೂ ಸಿಗುವುದಿಲ್ಲ.

ಇಷ್ಟೆಲ್ಲ ಅನುಕೂಲ ಇದ್ದ ಬಂದರು ಯಾಕೆ ಸೋತಿತು? ಅದಕ್ಕೂ ಹೊಳೆಯೇ ಕಾರಣ. ಎರಡು ಹೊಳೆಗಳೂ ಮಳೆಗಾಲದಲ್ಲಿ ಘಟ್ಟದ ಕೆಂಪು ಮಣ್ಣು ಹೊತ್ತು ತರುತ್ತವೆ. ಅಳಿವೆ ಬಾಗಿಲಲ್ಲಿ ಹೊಯ್ಗೆ ದಿಬ್ಬ ಕಟ್ಟುತ್ತದೆ. ಹಾಯಿ ಹಡಗಿಗೆ ಸಾಕಾಗುತ್ತಿದ್ದ ಆಳ ಉಗಿ ಹಡಗಿಗೆ ಸಾಲಲಿಲ್ಲ. ದೊಡ್ಡ ಹಡಗುಗಳು ದೂರ ಸಮುದ್ರದಲ್ಲೇ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಹೋಗಿ ಬರಬೇಕು. ಮಳೆಗಾಲದಲ್ಲಿ ಅದೂ ಬಂದ್. ಕೊನೆಗೆ ಇಲ್ಲಿಂದ ಬಡಗಕ್ಕೆ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದರು. ಆವತ್ತಿನಿಂದ ನಮ್ಮದು ‘ಹಳೇ ಬಂದರು’.

ಹಳೇದು ಅಂದ ಮಾತ್ರಕ್ಕೆ ಸತ್ತಿಲ್ಲ, ಮಾರಾಯ್ರೆ. ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಮೀನಿನ ಬೋಟುಗಳಿವೆ. ಬೆಳಗ್ಗೆ ಹೋದರೆ ಬಂಗುಡೆ, ಬೂತಾಯಿ ಏಲಂ ಕೂಗುವುದು ಕೇಳಬಹುದು. ಬಿಳಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಅಷ್ಟೇ. ಅದಕ್ಕಿಂತ ನನಗೆ ಇಷ್ಟ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಹಡಗುಗಳು, ನಮ್ಮ ಮಾತಿನಲ್ಲಿ ಮಂಜಿಗಳು. ದ್ವೀಪದವರಿಗೆ ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಇಲ್ಲಿಂದ ಹೋಗುತ್ತದೆ. ಒಂದು ಹಲಗೆ ದಡಕ್ಕೂ ಮಂಜಿಗೂ ಇಟ್ಟಿರುತ್ತಾರೆ. ಇಳಿತದ ಹೊತ್ತಾದರೆ ಅದು ಕೆಳಕ್ಕೆ ಬಾಗಿರುತ್ತದೆ, ಭರತದ ಹೊತ್ತಾದರೆ ಮೇಲಕ್ಕೆ. ಮೂಟೆ ಹೊತ್ತವರು ಅದರ ಮೇಲೆ ಸಣ್ಣಗೆ ಕುಣಿದ ಹಾಗೆ ನಡೆಯುತ್ತಾರೆ. ಹಲಗೆ ಮೇಲೆದ್ದಾಗ ಕಾಲಿಟ್ಟರೆ ಸೊಂಟ ಹೋಗುತ್ತದೆ, ಅದು ತಗ್ಗುವಾಗಲೇ ಇಡಬೇಕು. ಮೂಟೆಗಳ ಮೇಲೆ ಬಣ್ಣದಲ್ಲಿ ಬರೆದ ದ್ವೀಪದ ಹೆಸರುಗಳು: ಅಮಿನಿ, ಕಡಮತ್, ಅಂದ್ರೋತ್, ಕವರತ್ತಿ. ಅಪ್ಪ ಲೆಕ್ಕ ಮುಗಿಸುವವರೆಗೆ ಕಾಯುತ್ತಾ ನಾನು ಭೂಗೋಳ ಕಲಿತದ್ದು ಆ ಈರುಳ್ಳಿ ಮೂಟೆಗಳ ಮೇಲೆ.

ನಿಮಗೆ ಸಮುದ್ರವೇ ಬೇಕು ಅಂದಿರಲ್ಲ, ದಕ್ಕೆಯ ಹತ್ತಿರ ಬೆಂಗ್ರೆಗೆ ಹೋಗುವ ಫೆರಿ ಕೇಳಿ. ಶಾಲೆ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರ ನಡುವೆ ಒಂದಿಷ್ಟು ಜಾಗ ಮಾಡಿಕೊಂಡು ನಿಲ್ಲಿ. ಹೊಳೆ ದಾಟಲು ಜಾಸ್ತಿ ಹೊತ್ತು ಬೇಡ. ಆಚೆ ಇಳಿದು ಮನೆಗಳ ನಡುವಿನ ದಾರಿಯಲ್ಲಿ ಪಡುವಣಕ್ಕೆ ನಡೆದರೆ ಮೊದಲು ಸದ್ದು ಕೇಳುತ್ತದೆ, ಆಮೇಲೆ ಸಮುದ್ರ.

ಜೂನ್, ಜುಲೈಯಲ್ಲಿ ಮಾತ್ರ ದಕ್ಕೆ ನೋಡಲು ಬರಬೇಡಿ. ಆಗ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ದಂಡೆ ತುಂಬಾ ನಿಂತಿರುತ್ತವೆ. ಸಮುದ್ರ ಹಾಗಿರಲಿ, ಹೊಳೆಯೂ ಕಾಣುವುದಿಲ್ಲ.